ಹಳೆಯ ಪಾಸು

ಹೊನ್ನೂರಮ್ಮ ಹೆರಿಗೆ ಆಸ್ಪತ್ರೆಯ ಆಯಾ. ವಾರ್ಡಿನ ಬಾಗಿಲಲ್ಲಿ ಕೂತು ಪಾಸು ನೋಡುವುದು, ಅಂದರೆ ಬಾಣಂತಿಯ ಕಡೆಯವರನ್ನಷ್ಟೇ ಒಳಗೆ ಬಿಡುವುದು, ಅವಳ ಕೆಲಸ. ಒಂದು ಫೈನಾನ್ಸಿನ ಸಾಲವನ್ನು ಅವಳು ಪೂರ್ತಿ ತೀರಿಸಿದ್ದಳು. ಆದರೂ ಸಂಬಳ ಬಂದ ದಿನವೇ ಅವರು ಅವಳ ಖಾತೆಯಿಂದ ಹಣ ಎಳೆಯುತ್ತಿದ್ದರು. ಗಂಡನ ಕನ್ನಡಕದ ಹಣವೂ ಹಾಗೇ ಹೋಯಿತು. ಅವನು ದರ್ಜಿ. ಸೂಜಿಗೆ ದಾರ ಪೋಣಿಸಲೂ ಅವಳನ್ನೇ ಕರೆಯಬೇಕಿತ್ತು.

ಅವಳು ಬ್ಯಾಂಕಿಗೆ ಹೋಗಿ, ಹಣ ಎಳೆಯಲು ಫೈನಾನ್ಸಿಗೆ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿಸಿದಳು.

ಮುಂದಿನ ಸಂಬಳದ ದಿನ ಫೈನಾನ್ಸಿನ ಶರಣಪ್ಪ ಆಸ್ಪತ್ರೆಗೇ ಬಂದ.

"ಯಾರನ್ನ ಕೇಳಿ ರದ್ದು ಮಾಡಿಸಿದೆಯಮ್ಮ? ಒಮ್ಮೆ ಸಹಿ ಹಾಕಿದ ಮೇಲೆ ಮುಗೀತು. ಸರಿ, ಒಳಗೆ ನಿಮ್ಮ ಮೇಡಂ ಹತ್ತಿರ ಮಾತಾಡ್ತೀನಿ."

"ಒಳಗೆ ಹೋಗೋಕೆ ಪಾಸು ಬೇಕಪ್ಪ."

ಅವನು ಜಂಬದಿಂದ ಪರ್ಸಿನಿಂದ ಪಾಸು ತೆಗೆದ. ಹೆಂಡತಿಯ ಹೆರಿಗೆಯಲ್ಲಿ ಕೊಟ್ಟದ್ದು, ಅವನು ಹಿಂತಿರುಗಿಸಿರಲಿಲ್ಲ.

"ಮಗು ಹೇಗಿದೆ?"

"ಓಡಾಡ್ತಾಳೆ," ಎಂದ. ಮುಖ ಅರಳಿತು. "ಪಾಸು ನೀವೇ ಕೊಟ್ಟಿದ್ದಲ್ವಾ?"

"ಹೌದಪ್ಪ, ಹೆರಿಗೆಗೆ ಅಂತ ಕೊಟ್ಟೆ. ಹೆರಿಗೆ ಮುಗೀತು. ನಾನೂ ಸಾಲಕ್ಕೆ ಅಂತ ಸಹಿ ಹಾಕಿದ್ದೆ. ಸಾಲ ಮುಗೀತು."

ಶರಣಪ್ಪ ಪಾಸನ್ನು ಮೇಜಿನ ಮೇಲಿಟ್ಟ, ಬೆರಳು ಮಾತ್ರ ತೆಗೆಯಲಿಲ್ಲ. ಅದರ ಹಿಂದೆ ಮಗಳು ಹುಟ್ಟಿದ ಗಳಿಗೆ ಬರೆದುಕೊಂಡಿದ್ದ.

ಹೊನ್ನೂರಮ್ಮ ಅದನ್ನು ಅವನ ಕೈಗೇ ಕೊಟ್ಟಳು.

"ನೆನಪಿಗೆ ಇಟ್ಟುಕೋ. ಒಳಗೆ ಬರೋಕಲ್ಲ."

ಆ ವಾರ ಕನ್ನಡಕ ಬಂತು. ಗಂಡ ತಾನೇ ದಾರ ಪೋಣಿಸಿದ. ಆದರೂ ಅವಳನ್ನು ಕರೆದ, ಪೋಣಿಸಿದ್ದನ್ನು ಅವಳು ನೋಡಲಿ ಅಂತ.