ಪಿಂಗಾಣಿ ವ್ಯಾನಿನ ನೀಲಿ ಹೊಗೆ

“ಗುರುಗಳೇ, ನನಗೆ ಸಿಟ್ಟು ಬರುತ್ತದೆ. ಎಷ್ಟು ತಡೆದರೂ ಬರುತ್ತದೆ. ಇದನ್ನು ಕಳೆಯುವುದು ಹೇಗೆ?” ಎಂದು ಹನ್ನೊಂದು ವರ್ಷದಿಂದ ಮಠದಲ್ಲಿದ್ದ ಒಬ್ಬ ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಅವನು ಮಠದ ಅಡುಗೆಯವರ ಮೇಲೆ ಕೂಗಾಡಿ ತಟ್ಟೆ ಬಿಸಾಡಿದ್ದ. ಅಡುಗೆಯವರು ವಯಸ್ಸಾದವರು. ಕಷ್ಟಪಟ್ಟು ಬಗ್ಗಿ ತಟ್ಟೆಯನ್ನು ಎತ್ತಿಟ್ಟಿದ್ದರು. ಅದನ್ನು ನೆನೆದು ಶಿಷ್ಯ ಊಟ ಮಾಡಿರಲಿಲ್ಲ. ಬಟ್ಟೆಗಳನ್ನು ಗಂಟು ಕಟ್ಟಿಕೊಂಡೇ ಗುರುಗಳ ಮುಂದೆ ಬಂದಿದ್ದ.

“ನಾನು ಒಳಗಿನಿಂದ ಪೂರ್ತಿ ಕೆಟ್ಟಿದ್ದೇನೆ. ಇಲ್ಲಿರಲು ಯೋಗ್ಯನಲ್ಲ. ಹೋಗಲು ಅಪ್ಪಣೆ ಕೊಡಿ” ಎಂದ.

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಪಿಂಗಾಣಿ ವ್ಯಾಪಾರಿ ಇದ್ದ. ಮೈಲಾರಪ್ಪ ಅಂತ ಹೆಸರು. ಕಪ್ಪು, ಬಸಿ, ಉಪ್ಪಿನಕಾಯಿ ಜಾಡಿಗಳನ್ನು ಹುಲ್ಲು ಹಾಸಿದ ಬುಟ್ಟಿಗಳಲ್ಲಿ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಅವನಿಗೆ ಒಂದು ಹಳೆಯ ವ್ಯಾನಿತ್ತು. ಅವನು ಓಡಿಸುತ್ತಿದ್ದ. ಹೆಂಡತಿ ಸಾವಂತ್ರವ್ವ ಹಿಂದೆ ಬುಟ್ಟಿಗಳ ನಡುವೆ ಕೂರುತ್ತಿದ್ದಳು. ಬುಟ್ಟಿಗಳು ಜಾರದಂತೆ ಬೆನ್ನನ್ನು ಅವಕ್ಕೆ ಆನಿಸಿ, ಮುಖವನ್ನು ಹಿಂದಿನ ದಾರಿಯ ಕಡೆಗೆ ಮಾಡಿ ಕೂರಬೇಕಾಗಿತ್ತು. ಮದುವೆಯಾದ ವರ್ಷದಿಂದ ಹಾಗೆಯೇ ನಡೆದಿತ್ತು. ಮಧ್ಯಾಹ್ನ ಸಂತೆಯಲ್ಲಿ ವ್ಯಾನಿನ ನೆರಳಿಗೆ ಕೂತು ಇಬ್ಬರೂ ಒಂದೇ ಡಬ್ಬಿಯಿಂದ ರೊಟ್ಟಿ ತಿನ್ನುತ್ತಿದ್ದರು.

ಒಂದು ವರ್ಷ ವ್ಯಾನು ನೀಲಿ ಹೊಗೆ ಬಿಡಲು ಶುರುಮಾಡಿತು. ಆಯಿಲು ವಾರ ವಾರಕ್ಕೂ ಕಡಿಮೆಯಾಗುತ್ತಿತ್ತು. ಹೆಂಡತಿ ಹಿಂದಿನಿಂದ “ರೀ, ಹೊಗೆ” ಎನ್ನುತ್ತಿದ್ದಳು. ವ್ಯಾಪಾರಿ “ಗೊತ್ತು, ಸುಮ್ಮನಿರು” ಎನ್ನುತ್ತಿದ್ದ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಅವನು ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದ. ಆತ ಹೊಗೆಯನ್ನು ನೋಡಿ, “ಎಂಜಿನ್ ಮುಗಿದಿದೆ. ಪೂರ್ತಿ ಬಿಚ್ಚಬೇಕು. ಬಿಚ್ಚಿದರೂ ಸರಿಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ” ಎಂದ. ಇನ್ನೊಬ್ಬ ಮೆಕ್ಯಾನಿಕ್ ದಪ್ಪ ಆಯಿಲು ತುಂಬಿ ಕಳಿಸಿದ. ಹತ್ತು ದಿನ ಹೊಗೆ ಕಡಿಮೆ ಇದ್ದು, ಹನ್ನೊಂದನೆಯ ದಿನ ಮೊದಲಿನಂತೆಯೇ ಬಂತು.

ಒಂದು ದಿನ ಗುಡ್ಡದ ಇಳಿಜಾರಿನ ಕೆಳಗೆ ಬೈಕಿನಲ್ಲಿ ಬರುತ್ತಿದ್ದ ಒಬ್ಬಾತ ಆ ಹೊಗೆಯೊಳಗೆ ಸಿಕ್ಕಿಕೊಂಡ. ಅವನ ಹಿಂದೆ ಬಸುರಿ ಹೆಂಗಸು ಕೂತಿದ್ದಳು. ಆಕೆ ಕೆಮ್ಮಿ ಕೆಮ್ಮಿ ದಾರಿ ಬದಿಗೆ ಇಳಿದು ವಾಂತಿ ಮಾಡಿಕೊಂಡಳು. ಆತ ವ್ಯಾನನ್ನು ನಿಲ್ಲಿಸಿ, ಎಲ್ಲರೆದುರು ವ್ಯಾಪಾರಿಯನ್ನು ಬಾಯಿಗೆ ಬಂದಂತೆ ಬೈದ. ವ್ಯಾಪಾರಿ ತಲೆ ತಗ್ಗಿಸಿ ನಿಂತ. ಸಾವಂತ್ರವ್ವ ತನ್ನ ಚೊಂಬಿನಿಂದ ಆಕೆಗೆ ನೀರು ಕೊಟ್ಟಳು.

ಮನೆಗೆ ಬಂದ ಮೇಲೆ ವ್ಯಾಪಾರಿ ಹೇಳಿದ: “ಗುರುವಾರದ ಸಂತೆ ಒಂದು ಮುಗಿಯಲಿ. ವ್ಯಾನನ್ನು ಗುಜರಿಗೆ ಕೊಟ್ಟುಬಿಡ್ತೀನಿ. ನಾನೊಬ್ಬ ಎರಡು ಬುಟ್ಟಿ ತಗೊಂಡು ಬಸ್ಸಲ್ಲಿ ಹೋಗ್ತೀನಿ. ನೀನು ಮನೇಲಿರು.”

ಗುರುವಾರ ಬೆಳಿಗ್ಗೆ ಬುಟ್ಟಿಗಳನ್ನು ಏರಿಸಿ ಕೂತ ಮೇಲೆ ಹೆಂಡತಿ ಇಷ್ಟು ಹೇಳಿದಳು: “ದಾರಿಯಲ್ಲೇ ದಾದಾಪೀರಣ್ಣನ ಶೆಡ್ಡು ಇದೆ. ಒಂದು ಸಲ ತೋರಿಸಿ. ಆಮೇಲೆ ನಿಮಗೆ ತಿಳಿದ ಹಾಗೆ ಮಾಡಿ.”

ದಾದಾಪೀರ್ ಹಳೆಯ ಮೇಸ್ತ್ರಿ. ವಯಸ್ಸಾಗಿದ್ದರೂ ಕೆಲಸ ಬಿಟ್ಟಿರಲಿಲ್ಲ. ಅವನು ಬಾನೆಟ್ಟನ್ನು ಎತ್ತಲೇ ಇಲ್ಲ.

“ಹೊಗೆ ಯಾವಾಗ ಬರುತ್ತೆ?” ಎಂದು ಕೇಳಿದ.

“ಯಾವಾಗಲೂ ಬರುತ್ತೆ ಮೇಸ್ತ್ರಿ. ನೀವೂ ಬಿಚ್ಚಬೇಕು ಅಂತೀರಿ, ಅಷ್ಟೇ ತಾನೆ?”

ಹಿಂದಿನಿಂದ ಹೆಂಡತಿಯ ದನಿ ಬಂತು: “ಯಾವಾಗಲೂ ಬರಲ್ಲ ಅಣ್ಣಾ.”

ಮೇಸ್ತ್ರಿ ವ್ಯಾನಿನ ಹಿಂದಕ್ಕೆ ಹೋಗಿ ನಿಂತ. “ಹೇಳು ತಂಗಿ” ಎಂದ.

“ಬೆಳಿಗ್ಗೆ ಮೊದಲು ಚಾಲೂ ಮಾಡಿದಾಗ ಒಂದು ಸಲ ಬುಸ್ಸಂತ ಬಂದು ನಿಂತುಹೋಗುತ್ತೆ. ಗುಡ್ಡ ಹತ್ತೋವಾಗ ಗಾಡಿ ಎಷ್ಟು ಒದ್ದಾಡಿದ್ರೂ ಹೊಗೆ ಇಲ್ಲ. ಇಳಿಜಾರಲ್ಲಿ ಇವರು ಕಾಲು ತೆಗೆದು ಸುಮ್ಮನೆ ಬಿಡ್ತಾರೆ, ಆಗಲೂ ಇಲ್ಲ. ಕೆಳಗೆ ಸೇತುವೆ ಹತ್ರ ಮತ್ತೆ ಎಕ್ಸಿಲೇಟರ್ ತುಳೀತಾರಲ್ಲ, ಆಗ ಬರುತ್ತೆ, ಹಿಂಜಿದ ಹತ್ತಿ ಥರ. ರೈಲ್ವೆ ಗೇಟಲ್ಲಿ ಬಹಳ ಹೊತ್ತು ಚಾಲೂ ಇಟ್ಟು ಹೊರಟಾಗಲೂ ಬರುತ್ತೆ.”

ಮೇಸ್ತ್ರಿ ವ್ಯಾಪಾರಿಗೆ ಹೇಳಿದ: “ನೀಲಿ ಹೊಗೆ ಅಂದ್ರೆ ಆಯಿಲು ಉರೀತಿದೆ ಅಂತ. ಆಯಿಲು ಒಳಗೆ ಹೋಗೋಕೆ ಎರಡು ದಾರಿ. ಕೆಳಗಿನಿಂದ ಹೋದರೆ ಪಿಸ್ಟನ್ ರಿಂಗು ಸವೆದಿರುತ್ತೆ, ಗುಡ್ಡ ಹತ್ತೋವಾಗಲೇ ಹೆಚ್ಚು ಹೊಗೆ ಬರಬೇಕು. ಮೇಲಿನಿಂದ ಹೋದರೆ ವಾಲ್ವಿನ ಸೀಲು ಕೆಟ್ಟಿರುತ್ತೆ. ಇಳಿಯೋವಾಗ ಎಂಜಿನ್ನು ಆಯಿಲನ್ನು ಹೀರಿಕೊಂಡು, ಆಮೇಲೆ ತುಳಿದಾಗ ಸುಡುತ್ತೆ. ತಂಗಿ ಹೇಳಿದ್ದು ನಿಜವಾದರೆ ಎಂಜಿನ್ ಮುಗಿದಿಲ್ಲ. ನಿಜವೋ ಅಲ್ಲವೋ ನೋಡಿಬಿಡೋಣ. ನಾನು ಓಡಿಸ್ತೀನಿ. ತಂಗಿ ಮುಂದೆ ಕೂರಲಿ. ನೀವು ಹಿಂದೆ ಕೂತು ನೋಡಿ.”

ವ್ಯಾಪಾರಿ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಿಂದೆ ಕೂತಿರಲಿಲ್ಲ.

ಮೊದಲ ತಿರುವಿನಲ್ಲೇ ಒಂದು ಬುಟ್ಟಿ ಜಾರಿ ಅವನ ಮಂಡಿಗೆ ಬಡಿಯಿತು. ಅದನ್ನು ಹಿಡಿಯಲು ಹೋದರೆ ಇನ್ನೊಂದು ಬೆನ್ನಿಗೆ ಗುದ್ದಿತು. ಯಾವ ತಿರುವಿನಲ್ಲಿ ಯಾವ ಬುಟ್ಟಿಗೆ ಕಾಲು ಕೊಡಬೇಕೆಂದು ಅವನಿಗೆ ತಿಳಿಯಲಿಲ್ಲ. ಎರಡು ಜಾಡಿಗಳು ಒಡೆದವು. ಸಾವಂತ್ರವ್ವನ ಕೈಯಲ್ಲಿ ಒಂದು ಬಸಿ ಒಡೆದದ್ದೂ ಅವನಿಗೆ ನೆನಪಿರಲಿಲ್ಲ. ಅವಳ ಎರಡೂ ಮಂಡಿಗಳಲ್ಲಿ ಯಾವಾಗಲೂ ಕಂದುಗಟ್ಟಿದ ಕಲೆ ಇರುತ್ತಿತ್ತು. ಅದೇಕೆ ಎಂದು ಅವನು ಒಮ್ಮೆ ಕೂಡ ಕೇಳಿರಲಿಲ್ಲ. ಈಗ ಕೇಳುವ ಅಗತ್ಯವಿರಲಿಲ್ಲ.

ಗುಡ್ಡ ಹತ್ತುವಾಗ ಹಿಂದಿನ ದಾರಿ ತಿಳಿಯಾಗಿತ್ತು. ಇಳಿಯುವಾಗಲೂ ತಿಳಿಯಾಗಿತ್ತು. ಸೇತುವೆಯ ಹತ್ತಿರ ಮೇಸ್ತ್ರಿ ಎಕ್ಸಿಲೇಟರ್ ಒತ್ತಿದ. ನೀಲಿ ಹೊಗೆ ಉಂಡೆಯಾಗಿ ಎದ್ದು ದಾರಿಯನ್ನು ಮುಚ್ಚಿತು. ಹಿಂದೆ ನಡೆದು ಬರುತ್ತಿದ್ದ ಇಬ್ಬರು ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ವ್ಯಾನಿನ ಕಡೆ ನೋಡಿದರು. ವ್ಯಾಪಾರಿ ಅವರ ಕಣ್ಣು ತಪ್ಪಿಸಲು ಹೋದ. ಹಿಂದೆ ಕೂತವರಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಶೆಡ್ಡಿಗೆ ಬಂದು ಇಳಿದಾಗ ಅವನ ದನಿ ಸಣ್ಣಗಾಗಿತ್ತು.

“ಸಾವಂತ್ರಿ, ನೀನು ಹೇಳಿದ್ದು ಅಕ್ಷರ ಅಕ್ಷರ ನಿಜ. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಹೇಳಿದೆನಲ್ಲ. ಹೊಗೆ ಅಂದ ಕೂಡಲೇ ನೀವು ಸುಮ್ಮನಿರು ಅಂತಿದ್ರಿ. ಯಾವಾಗ ಅನ್ನೋ ತನಕ ಮಾತು ಹೋಗ್ತಲೇ ಇರಲಿಲ್ಲ” ಎಂದಳು ಅವಳು. ಆಮೇಲೆ ಒಡೆದ ಜಾಡಿಗಳನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ವ್ಯಾಪಾರಿಗೂ ನಗು ಬಂತು.

ಮೇಸ್ತ್ರಿ ಕಂಡದ್ದನ್ನಷ್ಟೇ ನಂಬಿ ಬಿಡಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ, ಆ ತೂತಿಗೆ ಮೀಟರ್ ಹಿಡಿದು ಎಂಜಿನ್ನಿನ ಒಳಗಿನ ಒತ್ತಡ ಅಳೆದ. ಒಳಗೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ಅಳೆದ. ರಿಂಗು ಸವೆದಿದ್ದರೆ ಎರಡನೆಯ ಸಲ ಮುಳ್ಳು ಮೇಲೇರಬೇಕಿತ್ತು. ಅದು ಇದ್ದಲ್ಲೇ ನಿಂತಿತು. “ಕೆಳಗೆ ಗಟ್ಟಿಯಾಗಿದೆ” ಎಂದ.

ಪೇಟೆಯಿಂದ ಹೊಸ ಸೀಲುಗಳನ್ನು ತರಿಸಿದ. ಸೀಲು ಬದಲಿಸುವಾಗ ವಾಲ್ವು ಒಳಗೆ ಬೀಳಬಾರದು. ಅದಕ್ಕೆ ಅವನು ಒಂದು ಮೆತ್ತನೆಯ ನೂಲಿನ ಹಗ್ಗ ಕೇಳಿದ. ಸಾವಂತ್ರವ್ವ ಬುಟ್ಟಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿ, ಹುಲ್ಲಿನ ಎಳೆಗಳನ್ನೆಲ್ಲ ಆರಿಸಿ ತೆಗೆದು ಕೊಟ್ಟಳು. ಮೇಸ್ತ್ರಿ ಅದನ್ನು ಪ್ಲಗ್ಗಿನ ತೂತಿನಿಂದ ಒಳಗೆ ತುರುಕಿ, ಪಿಸ್ಟನ್ನನ್ನು ಕೈಯಿಂದ ಮೇಲೇರಿಸಿದ. ಹಗ್ಗದ ಸಿಂಬಿ ವಾಲ್ವನ್ನು ಕೆಳಗಿನಿಂದ ಒತ್ತಿ ಹಿಡಿಯಿತು. ಎಂಜಿನ್ನನ್ನು ಪೂರ್ತಿ ಬಿಚ್ಚದೆಯೇ ಅವನು ಒಂದೊಂದಾಗಿ ಎಂಟು ಸೀಲುಗಳನ್ನೂ ಬದಲಿಸಿದ. ಅಂದಿನ ಸಂತೆ ತಪ್ಪಿಹೋಯಿತು. ಮೂವರೂ ಶೆಡ್ಡಿನಲ್ಲಿ ಕೂತು ಡಬ್ಬಿಯ ರೊಟ್ಟಿ ತಿಂದರು.

ಸಂಜೆ ಮೇಸ್ತ್ರಿ ಹಳೆಯ ಸೀಲುಗಳನ್ನು ವ್ಯಾಪಾರಿಯ ಅಂಗೈಗೆ ಹಾಕಿದ. ಒಂದೊಂದೂ ಹುಣಸೆ ಬೀಜದಷ್ಟು ಚಿಕ್ಕದು. ರಬ್ಬರು ಗಟ್ಟಿಯಾಗಿ, ಉಗುರಿನಿಂದ ಅದುಮಿದರೆ ಪುಡಿಯಾಗುತ್ತಿತ್ತು.

“ಕೆಟ್ಟಿದ್ದು ಇಷ್ಟೇ. ಉಳಿದದ್ದೆಲ್ಲ ಚೆನ್ನಾಗಿದೆ” ಎಂದ ಮೇಸ್ತ್ರಿ.

ಹೊಗೆ ಕೊಳವೆಯಲ್ಲಿ ಉಳಿದ ಆಯಿಲು ಎರಡು ದಿನ ಸ್ವಲ್ಪ ಹೊಗೆಯಾಡಿತು. ಮೂರನೆಯ ಬೆಳಿಗ್ಗೆ ವ್ಯಾಪಾರಿ ಗಾಡಿ ಚಾಲೂ ಮಾಡಿ, ತಾನೇ ಇಳಿದು ಹಿಂದಕ್ಕೆ ಬಂದು ನೋಡಿದ. ಏನೂ ಇರಲಿಲ್ಲ. ಅವನು ಹೆಂಡತಿಗೆ ಮುಂದೆ ಕೂರಲು ಹೇಳಿದ. ಅವಳು ಒಪ್ಪಲಿಲ್ಲ. “ಪಿಂಗಾಣಿ ಹಿಡಿಯೋರು ಯಾರು? ನೀವು ಕೂತರೆ ಏನಾಗುತ್ತೆ ಅಂತ ನೋಡಿದೆನಲ್ಲ” ಎಂದಳು. ಅವನು ಹಿಂದೆ ಒಂದು ಮೆತ್ತೆ ಹಾಕಿಸಿದ. ಬುಟ್ಟಿಗಳಿಗೆ ಅಡ್ಡಪಟ್ಟಿ ಹೊಡೆಸಿದ. ಆ ವ್ಯಾನು ಮತ್ತೆ ಆರು ವರ್ಷ ಓಡಿತು. ಪ್ರತಿ ಇಳಿಜಾರಿನ ಕೊನೆಯಲ್ಲಿ ಅವನು “ಸಾವಂತ್ರೀ, ಏನು ಕಾಣುತ್ತೆ?” ಎಂದು ಕೂಗಿ ಕೇಳುತ್ತಿದ್ದ. ಅವಳು ಹೊಗೆಯೊಂದೇ ಅಲ್ಲ, ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತನ್ನ ಸಿಟ್ಟು ಯಾವಾಗ ಬರುತ್ತದೆ ಎಂದು ತನ್ನನ್ನೇ ಕೇಳಿಕೊಂಡ. ‘ಯಾವಾಗಲೂ’ ಎಂಬುದರ ಹೊರತು ಬೇರೆ ಉತ್ತರ ಹೊಳೆಯಲಿಲ್ಲ. ಅವನ ಮುಖ ಬಾಡಿತು.

“ವ್ಯಾಪಾರಿಗೆ ಹೆಂಡತಿ ಇದ್ದಳು ಗುರುಗಳೇ. ನಾನು ಒಂಟಿ. ನನ್ನನ್ನು ಅಷ್ಟು ನೋಡಿದವರು ಯಾರಿದ್ದಾರೆ?” ಎಂದ.

ಗುರುಗಳು ಪಕ್ಕದ ಚಾಪೆಯನ್ನು ಅವನ ಕಡೆಗೆ ಸರಿಸಿದರು.

“ಕೂತುಕೋ ಮಗು, ಹನ್ನೊಂದು ವರ್ಷದ್ದು ಹೇಳುವುದಿದೆ.”