ದುಂಬಿಯ ಚಿಪ್ಪು, ಪತಂಗದ ರೆಕ್ಕೆ

“ಬುದ್ಧಿ, ಒಂದೇ ಕೆಲಸಕ್ಕೆ ಮಠದಲ್ಲಿ ಇಬ್ಬರು ಯಾಕೆ?” ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಕಷ್ಟ ಹೇಳಿಕೊಂಡು ಬಂದವರಿಗೆ ಮಠದ ಜಗಲಿಯಲ್ಲಿ ಕೂತು ಸಮಾಧಾನ ಹೇಳುವುದು ಅವನ ಕೆಲಸ. ಚನ್ನಬೀರನಿಗೂ ಅದೇ ಕೆಲಸ. ಮರುಳಯ್ಯ ಶಾಸ್ತ್ರ ಅರೆದು ಕುಡಿದವನು. ಚನ್ನಬೀರನಿಗೆ ಎರಡು ಮಾತು ನೆಟ್ಟಗೆ ಆಡಲು ಬಾರದು, ಬಂದವರ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದ, ಅಷ್ಟೇ. ಆದರೂ ಅರ್ಧ ಜನ ಅವನ ಕಡೆಗೆ ಹೋಗುವುದು ಮರುಳಯ್ಯನ ಹೊಟ್ಟೆ ಉರಿಸುತ್ತಿತ್ತು. ಒಂದೋ ಅವನಿರಬೇಕು, ಇಲ್ಲ ತಾನಿರಬೇಕು ಎಂದು ಇವತ್ತು ಹಟ ಹಿಡಿದಿದ್ದ. ಬಾಗಿಲಾಚೆ ಚನ್ನಬೀರ ಬಟ್ಟೆಯ ಗಂಟು ಕಟ್ಟಿಕೊಂಡು ಅಪ್ಪಣೆಗೆ ಕಾಯುತ್ತಿದ್ದ.

ಗುರುಗಳು ಆ ಗಂಟನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ರೈತನ ಕಡಲೆಕಾಯಿ ಹೊಲದ ನಡುವೆ ಹಳೆಯ ಕಲ್ಲುಮಂಟಪವಿತ್ತು. ಅದರಲ್ಲಿ ಎರಡು ಜಾತಿಯ ಬಾವಲಿಗಳಿದ್ದವು. ದೊಡ್ಡವು ತೊಲೆಗೆ ಜೋತುಬೀಳುತ್ತಿದ್ದವು, ಸಣ್ಣವು ಗೋಡೆಯ ಬಿರುಕಿನಲ್ಲಿ ಇರುತ್ತಿದ್ದವು. ಮುಸ್ಸಂಜೆಯಾದರೆ ಎರಡೂ ಹುಳ ಹಿಡಿಯಲು ಹೊಲದ ಮೇಲೆ ಹಾರುತ್ತಿದ್ದವು. ರೈತನಿಗೆ ಸಣ್ಣವೆಂದರೆ ಮುದ್ದು. ಈ ಧಡಿಯರು ಅವುಗಳ ಪಾಲನ್ನೂ ನುಂಗುತ್ತಿದ್ದಾರೆ ಎಂದು ಅವನಿಗೆ ಸಿಟ್ಟು.

ಹೆಂಡತಿ ಹೇಳಿದಳು: “ದಿನಾ ಮಂಟಪದ ಕಸ ಗುಡಿಸೋಳು ನಾನು. ದೊಡ್ಡವುಗಳ ಕೆಳಗೆ ಬರೀ ದುಂಬಿ ಚಿಪ್ಪು ಬಿದ್ದಿರ್ತವೆ, ಸಣ್ಣವುಗಳ ಕೆಳಗೆ ಪತಂಗದ ರೆಕ್ಕೆ. ಒಂದರ ಪಾಲಿಗೆ ಇನ್ನೊಂದು ಬಾಯಿ ಹಾಕಿಲ್ಲ ಕಣ್ರೀ.”

“ಕಸ ನೋಡಿ ನನಗೆ ಬುದ್ಧಿ ಹೇಳೋಕೆ ಬರಬೇಡ,” ಎಂದ ರೈತ.

ದೊಡ್ಡವು ಹೊರಗೆ ಹೋದ ಹೊತ್ತು ನೋಡಿ ಅವನು ಬಾಗಿಲಿಗೆ ಬಲೆ ಬಿಗಿದ. ಸಣ್ಣವು ಬಿರುಕಿನಲ್ಲಿ ನುಸುಳಿ ಒಳಗೆ ಬಂದವು. ದೊಡ್ಡವು ಮೂರು ದಿನ ಬಲೆಗೆ ಬಡಿದುಕೊಂಡವು. ನಾಲ್ಕನೆಯ ದಿನ ಬರಲಿಲ್ಲ.

ಮೊದಲ ಮಳೆ ಬಿತ್ತು, ಬಿತ್ತನೆಯೂ ಆಯಿತು. ನೆಲದೊಳಗಿಂದ ದುಂಬಿಗಳು ಎದ್ದವು. ಸಣ್ಣ ಬಾವಲಿಗಳು ಅವುಗಳ ನಡುವೆಯೇ ಹಾರಿ ಪತಂಗ ಹಿಡಿದವು, ದುಂಬಿಯನ್ನು ಮುಟ್ಟಲಿಲ್ಲ. ಆ ಚಿಪ್ಪು ಅವುಗಳ ಹಲ್ಲಿಗೆ ಮುರಿಯುವಂಥದ್ದಲ್ಲ. ದುಂಬಿಗಳು ಮಣ್ಣಿನಲ್ಲಿ ಮೊಟ್ಟೆಯಿಟ್ಟವು. ಮೊಟ್ಟೆಯೊಡೆದು ಬಂದ ಗೊಣ್ಣೆಹುಳುಗಳು ಬೇರಿಗೆ ಬಾಯಿಟ್ಟವು.

ಒಂದು ದಿನ ಒಂದು ಗಿಡ ಬಾಡಿತ್ತು. ರೈತ ಎಳೆದು ನೋಡಿದ. ಬೇರೇ ಇರಲಿಲ್ಲ. ಪಕ್ಕದ್ದನ್ನು ಎಳೆದ, ಅದಕ್ಕೂ ಇರಲಿಲ್ಲ. ಮನೆಯ ಊಟಕ್ಕೂ ಮುಂದಿನ ಬಿತ್ತನೆಗೂ ಆ ಹೊಲವೊಂದೇ ಗತಿ. ಓಡಿಹೋಗಿ ಬಲೆ ಕಿತ್ತೆಸೆದ. ದಿನವೂ ಸಂಜೆ ಮಂಟಪದ ಬಾಗಿಲಲ್ಲಿ ನಿಂತು ಆಕಾಶ ನೋಡಿದ. ದೊಡ್ಡವು ತಿರುಗಿ ಬರಲಿಲ್ಲ.

ಕತೆ ಎತ್ತ ಹೋಗುತ್ತಿದೆಯೆಂದು ಮರುಳಯ್ಯನಿಗೆ ತಿಳಿಯಿತು. ಒಪ್ಪಲು ಮನಸ್ಸಾಗಲಿಲ್ಲ.

“ಅದು ಹುಳದ ಮಾತು, ಬುದ್ಧಿ. ಇಲ್ಲಿಗೆ ಬರುವವರಿಗೆಲ್ಲ ಬೇಕಾದದ್ದು ಒಂದೇ, ಸಮಾಧಾನ. ಅದನ್ನು ಕೊಡಲು ನಾನೊಬ್ಬ ಸಾಕು.”

ಗುರುಗಳು ಕೇಳಿದರು: “ನಿನ್ನ ತಾಯಿ ತೀರಿಕೊಂಡ ಸುದ್ದಿ ಬಂದಾಗ ನೀನು ಇಡೀ ದಿನ ಯಾರ ಪಕ್ಕದಲ್ಲಿ ಕೂತಿದ್ದೆ, ಮರುಳಯ್ಯ?”