ಒಲ್ಲೆವ್ವನ ಗುಡ್ಡ

ಕವಳಿಹಾಳದಿಂದ ಪಡುವಣಕ್ಕೆ ಹೊರಟರೆ, ಜೋಳದ ಹೊಲಗಳು ಮುಗಿದು ಕುರುಚಲು ಕಾಡು ತೊಡಗುವಲ್ಲಿ ಒಂದು ಬೋಳುಗುಡ್ಡ ಎದ್ದು ನಿಂತಿದೆ. ಮೂರು ಕಡೆ ಕಡಿದಾದ ಬಂಡೆ. ಮೂಡಣ ದಿಕ್ಕಿನಲ್ಲಿ ಮಾತ್ರ ಎರಡು ಗುಂಡುಕಲ್ಲುಗಳ ನಡುವೆ ಒಬ್ಬರೇ ನುಸುಳಬಹುದಾದ ಸಂದು ಇದೆ. ಸರ್ಕಾರದ ನಕ್ಷೆಯಲ್ಲಿ ಇದಕ್ಕೆ ದೇಸಾಯಿಗುಡ್ಡ ಎಂದು ಹೆಸರು. ಆ ಹೆಸರು ಹಿಡಿದು ದಾರಿ ಕೇಳಿದರೆ ನಮ್ಮ ಕಡೆಯವರು ಯಾರೂ ಹೇಳುವುದಿಲ್ಲ. ಗೊತ್ತಿಲ್ಲದೆ ಅಲ್ಲ, ಆ ಹೆಸರಿಗೆ ಉತ್ತರ ಕೊಡುವ ಮನಸ್ಸು ಇಲ್ಲದೆ. ನಮಗೆ ಅದು ಒಲ್ಲೆವ್ವನ ಗುಡ್ಡ. ಹೆಸರು ಹೇಗೆ ಬಂತೆಂಬುದನ್ನು ನನ್ನ ಅಜ್ಜಿ ಹೇಳಿದಂತೆಯೇ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಯೆಲ್ಲ ಮುತ್ತಲಗಡದ ದೇಸಾಯಿಯ ಕೈಯಲ್ಲಿತ್ತು. ಆ ಕಾಲದಲ್ಲಿ ಕವಳಿಹಾಳದಲ್ಲಿ ಜಕ್ಕವ್ವ ಎಂಬ ಕುರುಬರ ಹೆಣ್ಣುಮಗಳಿದ್ದಳು. ಅವಳ ಗಂಡ ಕುರಿ ಹೊಡೆದುಕೊಂಡು ದೂರದ ಅಡವಿಗೆ ಹೋದವನು ಅಲ್ಲಿಯೇ ಹಾವು ಕಚ್ಚಿ ಸತ್ತ. ಹುಡುಕಿಕೊಂಡು ಹೋದ ಊರವರಿಗೆ ಕಂಡದ್ದು, ಹೆಣದ ಪಕ್ಕದಲ್ಲಿ ಹೊಟ್ಟೆ ಬೆನ್ನಿಗಂಟಿಸಿಕೊಂಡು ನಿಂತಿದ್ದ ಅವನ ನಾಯಿ ಬೂದ್ಯಾ. ಅದರ ಒಂದು ಕಿವಿ ಹರಿದಿತ್ತು, ಸುತ್ತಲಿನ ಮಣ್ಣೆಲ್ಲ ತೋಳದ ಹೆಜ್ಜೆ. ಊರವರನ್ನೂ ಅದು ಹತ್ತಿರ ಬಿಡಲಿಲ್ಲ. ಜಕ್ಕವ್ವ ಬಂದು ಅದರ ತಲೆ ಮೇಲೆ ಕೈಯಿಟ್ಟ ಮೇಲೆಯೇ ಕಾಲು ಕುಸಿದು ಮಲಗಿತಂತೆ. ಮಕ್ಕಳಿಲ್ಲದ ಅವಳು ಅಂದಿನಿಂದ ತಾನು ಉಣ್ಣುವ ರೊಟ್ಟಿಯನ್ನು ಮುರಿದು, ಮೊದಲ ತುಂಡನ್ನು ಅದಕ್ಕೆ ಹಾಕದೆ ಬಾಯಿಗಿಟ್ಟುಕೊಂಡವಳಲ್ಲ ಎನ್ನುತ್ತಾರೆ.

ಕೆಲವು ವರ್ಷ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ ದೇಸಾಯಿಯ ತಮ್ಮನಿಗೆ ಹುಚ್ಚುನಾಯಿ ಕಚ್ಚಿತು. ಆ ಹುಡುಗ ನೀರು ಕಂಡರೆ ಚೀರುತ್ತ ಪ್ರಾಣ ಬಿಟ್ಟ. ದೇಸಾಯಿಯ ದುಃಖ ಸಿಟ್ಟಾಗಿ ತಿರುಗಿತು. ಸೀಮೆಯಲ್ಲಿ ಒಂದು ನಾಯಿಯೂ ಉಳಿಯಕೂಡದು, ಸಾಕಿದವರೇ ತಮ್ಮ ಕೈಯಾರೆ ಕೊಲ್ಲಬೇಕು, ಬಚ್ಚಿಟ್ಟವರ ಮನೆಗೆ ಬೆಂಕಿ ಎಂದು ಹಳ್ಳಿಹಳ್ಳಿಗೆ ಡಂಗುರ ಹೊಡೆಸಿದ. ಜನ ಹೆದರಿದರು. ಎಷ್ಟೋ ಮನೆಗಳಲ್ಲಿ, ಕರೆದ ಕೂಡಲೇ ಬಾಲ ಅಲ್ಲಾಡಿಸುತ್ತ ಬಂದ ಪ್ರಾಣಿಯನ್ನು ಮುಖ ತಿರುಗಿಸಿಕೊಂಡು ಹೊಡೆದರು. ಕವಳಿಹಾಳದ ಗೌಡ ಜಕ್ಕವ್ವನ ಬಾಗಿಲಿಗೆ ಬಂದು, ಒಂದು ನಾಯಿಗಾಗಿ ಊರನ್ನು ಸುಡಿಸಬೇಡ ತಂಗಿ ಎಂದು ಕೇಳಿಕೊಂಡ. ಅವನಿಗೆ ಅವಳು ಹೇಳಿದ್ದು ಇಷ್ಟೇ: “ನನ್ನ ಗಂಡನ ಹೆಣಾನ ತೋಳದ ಬಾಯಿಗೆ ಬಿಡದ ಕಾದೈತಿ ಗೌಡ್ರ. ಅದನ್ನ ನಾ ಕೊಲ್ಲಂದ್ರ ಒಲ್ಲೆ.” ಊರಿಗೆ ಕೇಡು ತಟ್ಟಬಾರದೆಂದು ಅಂದೇ ಕಂಬಳಿ ಹೊದ್ದು, ಬೂದ್ಯಾನನ್ನು ಕರೆದುಕೊಂಡು ಈ ಗುಡ್ಡವನ್ನೇರಿದಳು.

ಸುದ್ದಿ ಕುರಿಹಟ್ಟಿಗಳಿಗೆ ಹಬ್ಬಿತು. ಕೊಲ್ಲಲು ಕೈ ಬಾರದೆ ಕಾಳು ತುಂಬುವ ನೆಲದೊಳಗಿನ ಹಗೇವಿನಲ್ಲಿ, ಮೇವಿನ ಬಣವೆಯಲ್ಲಿ ನಾಯಿಗಳನ್ನು ಅಡಗಿಸಿಟ್ಟಿದ್ದವರು ಒಬ್ಬೊಬ್ಬರಾಗಿ ಗುಡ್ಡಕ್ಕೆ ಬರತೊಡಗಿದರು. ಮೊದಲು ಬಂದವಳು ಗೌಡನ ತಾಯಿಯೇ ಅಂತೆ. ಮುದುಕಿ ತನ್ನ ಕುಂಟುನಾಯಿಯನ್ನು ಸೆರಗಿನಲ್ಲಿ ಸುತ್ತಿ ಹೊತ್ತು ತಂದು, ನನ್ನ ಮಗನಿಗೆ ಹೇಳಬೇಡವ್ವ ಎಂದು ಬಿಟ್ಟುಹೋದಳು. ಗುಡ್ಡದ ತುಂಬ ನಾಯಿಗಳಾದವು. ಭರ್ಜಿ ಹಿಡಿದು ಬಂದ ದೇಸಾಯಿಯ ಆಳುಗಳಿಗೆ ಬಂಡೆಗಳ ಸಂದಿನಲ್ಲಿ ಕಾಲು ಚಾಚಿ ಕುಳಿತ ಜಕ್ಕವ್ವ ಅಡ್ಡವಾದಳು. ಅವಳನ್ನು ಕೊಲ್ಲದೆ ಒಳಗೆ ಹೋಗುವಂತಿರಲಿಲ್ಲ. ಆಳುಗಳೂ ಇದೇ ಸೀಮೆಯವರು. ಒಳಗಿನಿಂದ ಒಂದು ನಾಯಿ ತಮ್ಮಲ್ಲೇ ಒಬ್ಬನ ದನಿ ಗುರುತು ಹಿಡಿದು ಕುಂಯ್‌ಗುಟ್ಟಿದ್ದನ್ನು ಕೇಳಿ ಅವರು ಭರ್ಜಿ ಇಳಿಸಿದರು.

ಆಗ ದೇಸಾಯಿ ತಾನೇ ಕುದುರೆಯೇರಿ ಬಂದ. ಒಂದು ನಾಯಿಯಿಂದ ತನ್ನ ಮನೆಯ ದೀಪ ಆರಿಹೋಯಿತೆಂದು ಹೇಳಿದನಂತೆ. ಜಕ್ಕವ್ವ ಎದ್ದು ನಿಂತಳು. ಅವನ ನೋವು ತನಗೆ ತಿಳಿಯುತ್ತದೆ, ತಾನೂ ಕಳೆದುಕೊಂಡವಳೇ ಎಂದಳು. “ಆದ್ರ ಧಣಿ, ಕಚ್ಚಿದ್ದು ಒಂದು. ಇವು ಏನು ಮಾಡ್ಯಾವು? ಇದ್ರಾಗ ಒಂದಕ್ಕ ಹುಚ್ಚು ಇದ್ರೂ ಮೊದಲು ಸಾಯಾಕಿ ನಾನ. ಮಳಿ ಬೀಳೂತನಕ ಇವುಗಳ ನಡುವ ಇರ್ತೀನಿ. ನೋಡ್ರಿ.”

ದೇಸಾಯಿ ಗುಡ್ಡದ ಬುಡದಲ್ಲಿ ಕಾವಲಿಟ್ಟು, ಮೇಲಕ್ಕೆ ಒಂದು ಹಿಡಿ ಹಿಟ್ಟೂ ಹೋಗಕೂಡದೆಂದ. ಕಾವಲಿನವರು ಕಣ್ಣು ಮುಚ್ಚಿಕೊಂಡರು, ಊರುಗಳಿಂದ ರೊಟ್ಟಿ ಏರುತ್ತಲೇ ಇತ್ತು. ಇತ್ತ ನಾಯಿಗಳಿಲ್ಲದ ಹಟ್ಟಿಗಳಿಗೆ ತೋಳಗಳು ನುಗ್ಗಿದವು. ದೇಸಾಯಿಯ ಸ್ವಂತ ಮಂದೆಯಲ್ಲೇ ಮರಿಗಳು ಉಳಿಯಲಿಲ್ಲ. ಮುಂಗಾರು ಇಳಿದಾಗ ಜಕ್ಕವ್ವ ಬಡಕಲಾಗಿದ್ದಳು, ಆದರೆ ಬದುಕಿದ್ದಳು. ಒಂದು ನಾಯಿಗೂ ರೋಗವಿರಲಿಲ್ಲ.

ದೇಸಾಯಿ ಅಪ್ಪಣೆಯನ್ನು ಹಿಂತೆಗೆದುಕೊಂಡ. ಮಾನ ಉಳಿಸಿಕೊಳ್ಳಲು ಸೀರೆ, ಬಳೆ ಕಳಿಸಿ, ನಿನ್ನ ತಪ್ಪನ್ನು ಕ್ಷಮಿಸಿದ್ದೇನೆ, ಇಳಿದು ಬಾ ಎಂದು ಹೇಳಿಸಿದ. ಸೀರೆ ಹೊತ್ತು ತಂದವನನ್ನು ಅವಳು ಸಂದಿನಲ್ಲೇ ತಡೆದಳು.

“ಒಲ್ಲೆ. ತಪ್ಪು ಮಾಡಿದವ್ರಿಗೆ ಕ್ಷಮೆ. ನಾಯಿಗಳನ್ನ ಕೊಲ್ಲಿಸಿದ್ದು ತಪ್ಪಾತು ಅಂತ ಊರೂರಿಗೆ ಡಂಗುರ ಹೊಡಸಂತ ಹೇಳು. ಅವತ್ತ ಇಳೀತೀನಿ.”

ಆ ಡಂಗುರವನ್ನು ದೇಸಾಯಿ ಹೊಡೆಸಲಿಲ್ಲ. ಅವಳು ಇಳಿಯಲೂ ಇಲ್ಲ. ಉಳಿದವರ ನಾಯಿಗಳನ್ನೆಲ್ಲ ಅವರವರಿಗೆ ಒಪ್ಪಿಸಿ, ಬೂದ್ಯಾನೊಂದಿಗೆ ಮೇಲೆಯೇ ಗುಡಿಸಲು ಹಾಕಿಕೊಂಡಳು. ಬೂದ್ಯಾ ಮುಪ್ಪಾಗಿ ಅವಳ ತೊಡೆಯ ಮೇಲೆ ಸತ್ತ ಮೇಲೂ ಊರಿನವರು ಕರೆದರೆ ಅದೇ ಮಾತು. ಮೊದಮೊದಲು ಜನ ಜಕ್ಕವ್ವ ಎನ್ನುತ್ತಿದ್ದವರು ಬರಬರುತ್ತ ಒಲ್ಲೆವ್ವ ಎಂದೇ ಕರೆದರು. ಅವಳು ತೀರಿಕೊಂಡಾಗ ಕುರುಬರು ಅಲ್ಲಿಯೇ ಸಮಾಧಿ ಮಾಡಿದರು.

ಈಗ ಮೇಲೆ ಹೋದವರಿಗೆ ಬಯಲಲ್ಲಿ ನೆಟ್ಟ ಒಂದು ಕಲ್ಲು ಕಾಣುತ್ತದೆ. ಅದರಲ್ಲಿ ಹೆಂಗಸೊಬ್ಬಳು ನಿಂತಿದ್ದಾಳೆ, ಪಕ್ಕದಲ್ಲಿ ಅವಳ ಮೊಣಕಾಲೆತ್ತರದ ನಾಯಿ. ನಮ್ಮ ಕಡೆಯ ಹಳೆಯ ಕಲ್ಲುಗಳಲ್ಲಿ ಯಾರೇ ಇರಲಿ, ಕೈಮುಗಿದೇ ನಿಂತಿರುತ್ತಾರೆ. ಇವಳು ಮುಗಿದಿಲ್ಲ. ಒಂದು ಕೈ ಸೊಂಟದ ಮೇಲಿದೆ, ಇನ್ನೊಂದು ನಾಯಿಯ ಕುತ್ತಿಗೆಯನ್ನು ಬಳಸಿದೆ. ನಾವೂ ಅಲ್ಲಿ ಕೈಮುಗಿಯುವುದಿಲ್ಲ. ಕುರಿಯವರು ಹೊಸ ಮರಿನಾಯಿಯನ್ನು ಎತ್ತಿಕೊಂಡು ಬಂದು ಕಲ್ಲಿನ ಮುಂದೆ ನೆಲಕ್ಕೆ ಬಿಡುತ್ತಾರೆ. ಅದು ಮೂಸಿ ನೋಡುತ್ತದೆ, ಕೆಲವೊಮ್ಮೆ ಕಾಲೆತ್ತಿ ಕಲ್ಲನ್ನು ನೆನೆಸುತ್ತದೆ. ಯಾರೂ ಬೈಯುವುದಿಲ್ಲ.